ನಮ್ಮ ಹಳೆಯ ಅಡಿಗೆಮನೆ

ಬರುವ ಸೋಮವಾರ ಹಾನಗಲ್ಲಿನ ನಮ್ಮ ಮನೆಯ ಅಡಿಗೆಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಲು ಆರಂಭಿಸುತ್ತೇವೆ. ನಮ್ಮ ಮನೆಗೆ ಬಂದುಹೋದ ಬಂಧುಗಳಿಗೆ ಆ ಕೋಣೆಯ ಪರಿಚಯವಿದ್ದೇ ಇದೆ. ಶನಿವಾರದ ಬೆಳಗಿನ ಶಾಲೆ ಮುಗಿಸಿ, ನೋಟುಪುಸ್ತಕಗಳ ಕಟ್ಟನ್ನು ಹೊತ್ತು ನನ್ನ ಹಿಂದೆ ಬರುತ್ತಿದ್ದ ವಿದ್ಯಾರ್ಥಿಗಳೂ ಅದರ ಹೊಸ್ತಿಲ ಬಳಿ ಕುಳಿತು ಒಗ್ಗರಣೆ ಹಾಕಿದ ಚುರುಮುರಿ ತಿಂದವರೇ.

ಅಜ್ಜ ಕಟ್ಟಿಸಿದ ಮನೆ. ಮುಂದೆ ಕಟ್ಟೆ, ಬಳಿಕ ಪಡಸಾಲೆ, ನಡುಮನೆ, ದೇವರ ಕೋಣೆ. ಎಲ್ಲಕ್ಕಿಂತ ಹಿಂದೆ, ಬಚ್ಚಲಿಗೆ ತಗುಲಿಕೊಂಡು ಅಡಿಗೆಮನೆ. ಗೋಡೆಯಲ್ಲಿ ಒಂದು ಬೆಳಕಿಂಡಿ, ಮಾಡಿನಲ್ಲಿ ಒಂದು ಗಾಜಿನ ಹೆಂಚು. ತೊಲೆಯಿಂದ ಇಳಿಬಿಟ್ಟ ನೆಲವಿನಲ್ಲಿ ಬೆಣ್ಣೆಯ ಗಡಿಗೆ, ಮೂಲೆಯಲ್ಲಿ ನೆಲಕ್ಕೆ ಹೂತ ಒರಳು, ಗೋಡೆಗೆ ಆತುಕೊಂಡ ಮಣ್ಣಿನ ಒಲೆ. ನಮ್ಮ ಸೀಮೆ ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಹೀಗಾಗಿ ಒಂದೇ ಒಲೆಯ ಮೇಲೆ ಜೋಳದ ರೊಟ್ಟಿಯೂ ಆಗಬೇಕು, ಅನ್ನವೂ ಬೇಯಬೇಕು. ಮಳೆಗಾಲದಲ್ಲಿ ಸೌದೆ ಹಸಿಯಾಗಿ, ಹೊಗೆ ನಡುಮನೆಯನ್ನೂ ದಾಟಿ ಪಡಸಾಲೆಗೆ ಬರುತ್ತಿತ್ತು. ಆಗ ನಾವು ಗಂಡಸರು ಎದ್ದು ಕಟ್ಟೆಗೆ ಹೋಗಿ ಕುಳಿತುಕೊಳ್ಳುತ್ತಿದ್ದೆವು.

ಕೆಡವುವ ದಿನ ಗೊತ್ತಾದೊಡನೆ ಈ ಕೋಣೆಯ ನೆನಪಿಗೆ ಒಂದು ಲೇಖನ ಬರೆಯತೊಡಗಿದೆ. ಒಲೆಯ ಬೆಳಕಿನಲ್ಲಿ ಮಗ್ಗಿ ಬಾಯಿಪಾಠ ಮಾಡಿದ್ದು, ಅವ್ವ ಕೆಂಡದಲ್ಲಿ ಸುಟ್ಟುಕೊಡುತ್ತಿದ್ದ ಬದನೆಕಾಯಿಯ ಪರಿಮಳ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೆಳಗಾಗುತ್ತಿದ್ದುದು, ಇವೆಲ್ಲ ಅದರಲ್ಲಿದ್ದವು. ಚೆನ್ನಾಗಿ ಬಂದಿದೆಯೆಂಬ ಹೆಮ್ಮೆಯಿಂದ ನನ್ನ ಶ್ರೀಮತಿಯ ಮುಂದೆ ಓದಿದೆ. ಆಕೆ ಕಾಳು ಹಸನು ಮಾಡುತ್ತಲೇ ಕೇಳಿ, ಕೊನೆಯಲ್ಲಿ ಇಷ್ಟೇ ಅಂದಳು: "ಇದು ನೀವು ಉಂಡ ಅಡಿಗಿಮನಿ ಆತ್ರಿ. ನಾ ಅಡಿಗಿ ಮಾಡಿದ ಅಡಿಗಿಮನಿ ಇದರಾಗ ಎಲ್ಲೈತಿ?"

ನನ್ನ ಬಳಿ ಉತ್ತರವಿರಲಿಲ್ಲ. ಬರೆದದ್ದನ್ನು ಬದಿಗಿಟ್ಟೆ.

ನಾನು ವಿಜ್ಞಾನದ ಶಿಕ್ಷಕನಾಗಿದ್ದವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಹೊಗೆರಹಿತ ಒಲೆಯ ಹೆಸರನ್ನು ಎಂಬತ್ತರ ದಶಕದ ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಅಸ್ತ್ರ ಒಲೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಕೆಳಗಿನ ಜಾಲರಿಯಿಂದ ಗಾಳಿ ಹೇಗೆ ಒಳಬರುತ್ತದೆ, ಒಂದೇ ಉರಿ ಮೂರು ಪಾತ್ರೆಗಳನ್ನು ಹೇಗೆ ಕಾಯಿಸುತ್ತದೆ, ಹೊಗೆ ಕೊಳವೆಯಲ್ಲಿ ಹೇಗೆ ಹೊರಹೋಗುತ್ತದೆ ಎಂದು ವಿವರಿಸುತ್ತಿದ್ದೆ. ಸಾಮಾನ್ಯ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ತಲಪುತ್ತದೆಂದು ಹೇಳಿ ನಿಮ್ಮಿಂದ ಲೆಕ್ಕವನ್ನೂ ಮಾಡಿಸಿದ್ದೇನೆ. ಆದರೆ ಅಂಥದೊಂದು ಒಲೆಯನ್ನು ನನ್ನ ಮನೆಯಲ್ಲಿ ಹಾಕಿಸಲಿಲ್ಲ. ಹಣದ ಅಡಚಣೆಯೆನ್ನುತ್ತಿದ್ದೆ. ಅದೇ ವರ್ಷ ಪಡಸಾಲೆಗೆ ಹೊಸ ಫರಸಿ ಹಾಸಿಸಿದ್ದೆ; ಬಂದವರು ಕೂಡುವ ಜಾಗವಲ್ಲವೇ!

ಅವ್ವನ ಕೊನೆಯ ವರ್ಷಗಳಲ್ಲಿ ಕೆಮ್ಮು ಬಿಡಲೇ ಇಲ್ಲ. ಪರೀಕ್ಷಿಸಿದ ವೈದ್ಯರು, "ಇವರಿಗೆ ಬೀಡಿಯ ಅಭ್ಯಾಸವಿತ್ತೇ?" ಎಂದು ಕೇಳಿದರು. ಅವ್ವ ತಂಬಾಕನ್ನು ಕೈಯಲ್ಲಿಯೂ ಮುಟ್ಟಿದವಳಲ್ಲ. ಐವತ್ತು ವರ್ಷ ಊದುಗೊಳವೆ ಹಿಡಿದು ಒಲೆ ಊದಿದವಳು. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಅಂಕಿಯನ್ನು ಓದಿದಾಗ ನನಗೆ ಕೇಳಿಸಿದ್ದು ಅವ್ವನ ಕೆಮ್ಮು.

1996ರಲ್ಲಿ ಗ್ಯಾಸ್ ಬಂತು. ಕಷ್ಟವೆಲ್ಲ ತೀರಿತೆಂದು ನಾನು ಭಾವಿಸಿದೆ. ಆದರೆ ಸಿಲಿಂಡರು ಬೇಗ ತೀರಬಾರದೆಂದು ರೊಟ್ಟಿಯೂ ಸ್ನಾನದ ನೀರೂ ಸೌದೆಯ ಮೇಲೆಯೇ ಉಳಿದವು. ಬಡ ಕುಟುಂಬಗಳ ಮಹಿಳೆಯರಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದಾಗ ನಮ್ಮ ಓಣಿಯ ಹಲವು ಮನೆಗಳಲ್ಲಿಯೂ ಇದೇ ಕಥೆಯಾಯಿತು. ಗ್ಯಾಸ್ ಬಂದಮಾತ್ರಕ್ಕೆ ಹೊಗೆ ಹೋಗುವುದಿಲ್ಲ.

ಒಲೆ ಇಡಲು ಗವಂಡಿ ಕಟ್ಟಿದ ಕಡಪಾ ಕಲ್ಲಿನ ಕಟ್ಟೆಯ ಎತ್ತರ 36 ಅಂಗುಲ. ಅಳತೆಯನ್ನು ಅವನು ತನ್ನ ಸೊಂಟಕ್ಕೆ ಹಿಡಿದುಕೊಂಡ. ನಾನು ಸರಿಯೆಂದು ತಲೆಯಾಡಿಸಿದೆ. ಅಲ್ಲಿ ನಿಂತು ಕೆಲಸ ಮಾಡುವಾಕೆಯ ಎತ್ತರ ನಾಲ್ಕು ಅಡಿ ಒಂಬತ್ತು ಅಂಗುಲ. ಅಂದಿನಿಂದ ಇಂದಿನವರೆಗೆ ಆಕೆ ಊಟದ ಮಣೆಯೊಂದರ ಮೇಲೆ ನಿಂತೇ ಸಾರು ಕುದಿಸಿದ್ದಾಳೆ. ಒಮ್ಮೆ ಮಣೆ ಜಾರಿ ಮುಂಗೈ ಸುಟ್ಟುಕೊಂಡಿದ್ದಳು. "ನೋಡಿಕೊಂಡು ನಿಲ್ಲಬಾರದೇ?" ಎಂದು ಗದರಿದ್ದೆ. ಕಟ್ಟೆಯ ಎತ್ತರದ ವಿಚಾರ ಹೊಳೆಯಲಿಲ್ಲ.

ಪ್ರತಿವರ್ಷ ನಿಮ್ಮನ್ನು ತಾರಕೇಶ್ವರ ದೇವಾಲಯಕ್ಕೆ ಕರೆದೊಯ್ದು, ಮೇಲ್ಛಾವಣಿಯಲ್ಲಿ ಕೆತ್ತಿದ ಆ ದೊಡ್ಡ ಕಮಲವನ್ನು ಕತ್ತೆತ್ತಿ ನೋಡಿರೆಂದು ಹೇಳುತ್ತಿದ್ದೆನಲ್ಲ. ಮೊನ್ನೆ ಸಾಮಾನು ತೆರವು ಮಾಡುವಾಗ ಮೊದಲ ಬಾರಿಗೆ ನಮ್ಮ ಅಡಿಗೆಮನೆಯಲ್ಲಿ ಕತ್ತೆತ್ತಿ ನೋಡಿದೆ. ತೊಲೆ, ಜಂತಿ, ಹೆಂಚುಗಳೆಲ್ಲ ಮಸಿಗಟ್ಟಿ ಒಂದೇ ಬಣ್ಣವಾಗಿದ್ದವು. ಬೆರಳಿಟ್ಟರೆ ಡಾಂಬರಿನಂತೆ ಅಂಟಿತು. ಇದೇ ಮಸಿ ಅವ್ವನ ಎದೆಯೊಳಗೂ ಹೋಗಿರಬೇಕು, ಈಕೆಯ ಎದೆಯೊಳಗೂ.

ಹೊಸ ಅಡಿಗೆಮನೆಗೆ ಮೂಡಣ ದಿಕ್ಕಿಗೆ ದೊಡ್ಡ ಕಿಟಕಿ, ಒಳಗೇ ನಳ, ಸ್ನಾನದ ನೀರಿಗೆ ಸೂರ್ಯಶಾಖದ ಹೀಟರು. ಈ ಸಲ ಗವಂಡಿ ಬಂದಾಗ ಆಕೆಯನ್ನೇ ನಿಲ್ಲಿಸಿ, ಮೊಣಕೈಯಿಂದ ಐದು ಅಂಗುಲ ಕೆಳಗೆ ಗೋಡೆಗೆ ಗುರುತು ಹಾಕಿಸಿದೆವು. 31 ಅಂಗುಲವಾಯಿತು. ಅಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತು.

ಒರಳುಕಲ್ಲನ್ನು ಹಿತ್ತಲಿನ ಕರಿಬೇವಿನ ಗಿಡದ ಕೆಳಗಿಟ್ಟು ಹಕ್ಕಿಗಳಿಗೆ ನೀರು ತುಂಬಿಸೋಣವೆಂದಳು. ಆ ಮಣೆಯನ್ನು ನೆನಪಿಗೆ ಇಟ್ಟುಕೊಳ್ಳೋಣವೇ ಎಂದು ಕೇಳಿದೆ.

"ನೆನಪು ನಿಮಗ ಬೇಕಾದ್ರ ಇಟ್ಕೋರಿ. ನನಗ ಸಾಕಾಗೇತಿ. ಬಚ್ಚಲ ಒಲಿಗೆ ಹಾಕಿಬಿಡ್ರಿ," ಎಂದಳು.

ನಿನ್ನೆ ಸಂಜೆ ನಾನೇ ಅದನ್ನು ಒಲೆಗೆ ಹಾಕಿದೆ. ಒಣಗಿದ ಸಾಗವಾನಿ, ಬಹಳ ಹೊತ್ತು ಉರಿಯಿತು.

ದೀಪಾವಳಿಯ ಹೊತ್ತಿಗೆ ಕೆಲಸ ಮುಗಿಯಬಹುದು. ಊರಿಗೆ ಬಂದವರು ಮನೆಗೆ ಬನ್ನಿರಿ, ಚುರುಮುರಿ ತಿಂದು ಹೋಗಿರಿ. ಒಗ್ಗರಣೆ ಹಾಕುವುದನ್ನು ನಾನು ಕಲಿಯುತ್ತಿದ್ದೇನೆ.