ಮೇಷ್ಟರ ಮನೆಯ ಪಿಸ್ತೂಲು

ಮೇಷ್ಟರ ಮನೆಯಲ್ಲಿ ಪಿಸ್ತೂಲೇ ಎಂದು ಹುಬ್ಬೇರಿಸಬೇಡಿ. ಮಗಳು ಸ್ಪರ್ಧೆಗೆ ಹಿಡಿಯುವ ಏರ್ ಪಿಸ್ತೂಲು ಅದು. 4.5 ಮಿಲಿಮೀಟರಿನ ಸೀಸದ ಗುಂಡು, 10 ಮೀಟರು ದೂರ. ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರು, ಅಂಗಿಯ ಗುಂಡಿಯಷ್ಟು. ಹೊಸದು ನನ್ನ ಸಂಬಳಕ್ಕೆ ಎಟುಕದು. ಮನೆಗೆ ಸುಣ್ಣ ಹೊಡೆಸಲು ಕೂಡಿಟ್ಟ ಹಣದಲ್ಲಿ ಹಳೆಯದೊಂದನ್ನು ಕೊಂಡೆವು.

ಅದರ ಮರದ ಹಿಡಿ ಯಾರದೋ ದೊಡ್ಡ ಕೈಗೆ ಕೆತ್ತಿದ್ದು. ಹಿಡಿ ಕೂಡದಿದ್ದರೆ ಮಣಿಕಟ್ಟು ಒಂದೊಂದು ಸಲ ಒಂದೊಂದು ಕಡೆ ವಾಲುತ್ತದೆ. ಆಗ ಎಂಥ ದುಬಾರಿ ನಳಿಗೆಯೂ ದಂಡವೇ. ಬಡಗಿಯ ಪುಟ್ಟಿ ಮೆತ್ತಿ, ಅವಳ ಬೆರಳಚ್ಚು ಮೂಡಿಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತೀಡಿದೆವು. ಟ್ರಿಗರು 500 ಗ್ರಾಂ ತೂಕ ತಾಳಬೇಕೆಂಬುದು ನಿಯಮ. ದಿನಸಿ ಅಂಗಡಿಯ ಅರ್ಧ ಕಿಲೋ ಬಟ್ಟನ್ನು ದಾರದಿಂದ ತೂಗಹಾಕಿ, ಖಾಲಿ ಪಿಸ್ತೂಲನ್ನು ನೆಟ್ಟಗೆ ಎತ್ತಿದೆವು, ಟ್ರಿಗರು ಜಗ್ಗಲಿಲ್ಲ.

ಉಳಿದದ್ದು ಕೈ ಪಳಗಿಸುವುದು. 1938ರಲ್ಲಿ ಗ್ರೆನೇಡು ಸಿಡಿದು ಬಲಗೈ ಹಾಳಾದ ಹಂಗೇರಿಯ ಕಾರೊಲಿ ಟಾಕಾಚ್, ಎಡಗೈ ಪಳಗಿಸಿಕೊಂಡು 1948ರಲ್ಲೂ 1952ರಲ್ಲೂ ಒಲಿಂಪಿಕ್ ಚಿನ್ನ ಗೆದ್ದ. ಮಗಳಿಗೆ ಮುಂದಿನ ತಿಂಗಳು ಮೊದಲ ಸ್ಪರ್ಧೆ, 60 ಗುಂಡುಗಳದ್ದು. ದಿನವೂ ಅರ್ಧ ಗಂಟೆ ಗುಂಡಿಲ್ಲದ ಪಿಸ್ತೂಲನ್ನು ಬರಿಗೋಡೆಗೆ ಹಿಡಿದು ಟ್ರಿಗರು ಒತ್ತುತ್ತಾಳೆ. ಕಾಸಿನ ಖರ್ಚಿಲ್ಲ. ಸುಣ್ಣ ಕಾಣದ ಆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನೂ ತೆಗೆದುಕೊಟ್ಟಿದ್ದೇನೆ.