ಫೋನ್ ಕಸಿದುಕೊಂಡ ಮೇಲೆ

ಮಕ್ಕಳು ಮಂಕಾದರೆ ಮೊದಲು ಫೋನ್ ಕಸಿದುಕೊಳ್ಳಿ ಎಂದು ಪಾಲಕರಿಗೆ ಗಟ್ಟಿಯಾಗಿ ಹೇಳುತ್ತಿದ್ದವರಲ್ಲಿ ನಾನೂ ಒಬ್ಬ. ಶಿಗ್ಗಾಂವದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಈ ಬುದ್ಧಿಮಾತಿನಿಂದಲೇ ಒಬ್ಬ ಹುಡುಗಿಯನ್ನು ಒಂಟಿ ಮಾಡಿಬಿಟ್ಟೆ.

ಅವಳು ಶಿಶುನಾಳ ಷರೀಫರ ತತ್ವಪದಗಳನ್ನು ಎದೆ ತುಂಬಿ ಹಾಡುತ್ತಿದ್ದಳು. ಶಿಶುನಾಳ ನಮ್ಮ ತಾಲೂಕಿನದೇ. ಈ ಕಡೆಯ ಭಜನಾ ಮೇಳಗಳಲ್ಲಿ ಆ ಪದಗಳಿಲ್ಲದೆ ರಾತ್ರಿ ಕಳೆಯುವುದಿಲ್ಲ. ಕಾಲೇಜಿನ ಕಾರ್ಯಕ್ರಮದಲ್ಲಿ ಅವಳು ಹಾಡಿದ್ದನ್ನು ಯಾರೋ ಇನ್‌ಸ್ಟಾಗ್ರಾಮ್‌ಗೆ ಹಾಕಿದರು. ಕಣ್ಣು ಮುಚ್ಚಿ, ಬಾಯಿ ಅಗಲಿಸಿ ಮೇಲಿನ ಸ್ವರ ಹಿಡಿದ ಮುಖವನ್ನಷ್ಟೇ ಕತ್ತರಿಸಿ ವಾಟ್ಸಾಪ್ ಸ್ಟಿಕರ್ ಮಾಡಿದರು. ಪರೀಕ್ಷೆ ಮುಂದೆ ಹೋದರೂ ಅದೇ, ಬಸ್ ತಪ್ಪಿದರೂ ಅದೇ. ತರಗತಿಯ ಗುಂಪಿಗೆ ಅಡ್ಮಿನ್ ನಾನು. ನೋಡಿದ್ದೆ, ಹುಡುಗರ ಆಟವೆಂದು ಬಿಟ್ಟಿದ್ದೆ. ಗುಂಪಿನಲ್ಲಿ ಯಾರದೇ ಸಂದೇಶ ಅಳಿಸುವ ಅಧಿಕಾರ ಅಡ್ಮಿನ್‌ಗೆ 2022ರಿಂದಲೇ ಇದೆ. ಬೆರಳು ಒತ್ತಿದ್ದರೆ ಸಾಕಿತ್ತು.

ಅವಳು ಬರುವುದೇ ಕಡಿಮೆಯಾಯಿತು. ಬಂದ ದಿನ ಕಣ್ಣು ಕೆಂಪಗಿರುತ್ತಿದ್ದವು. ರಾತ್ರಿಯೆಲ್ಲ ರೀಲ್ಸ್ ನೋಡುತ್ತಾಳೆಂದು ನಾನೇ ತೀರ್ಮಾನಿಸಿ ತಂದೆಯನ್ನು ಕರೆಸಿದೆ. ಗೋವಿನಜೋಳದ ರಾಶಿ ಬಿಟ್ಟು ಬಂದವರು ನನ್ನೆದುರೇ ಫೋನ್ ಇಸಿದುಕೊಂಡರು.

"ಸರ್, ನನ್ನ ಕಡೆ ಫೋನ್ ಇಲ್ಲಂದ್ರ ಅವರು ಕಳ್ಸೋದು ನಿಲ್ತೈತೇನ್ರಿ?" ಎಂದಳು. ಎದುರು ಮಾತಾಡಬೇಡ ಎಂದು ಗದರಿದೆ. ಏನು ಕಳಿಸುತ್ತಾರೆ ಎಂದು ಕೇಳಲಿಲ್ಲ.

ರಾತ್ರಿ ಅವಳು ಮಾತಾಡುತ್ತಿದ್ದುದು ಸವಣೂರಿನಲ್ಲಿದ್ದ ಚಿಕ್ಕಮ್ಮನ ಮಗಳ ಜೊತೆ ಎಂದು ಆಮೇಲೆ ತಿಳಿಯಿತು. ಮನಸ್ಸು ಬಿಚ್ಚಲು ಅವಳಿಗಿದ್ದದ್ದು ಆ ಒಂದು ಜೀವ. ಅದೂ ತಪ್ಪಿತು. ತನ್ನ ಬಗ್ಗೆ ಗುಂಪಿನಲ್ಲಿ ಇನ್ನೇನು ಹರಿದಾಡುತ್ತಿದೆಯೋ ಎಂಬ ಹೆದರಿಕೆ ಮಾತ್ರ ಉಳಿಯಿತು. ಊಟ ಬಿಟ್ಟಳು. ಕೊನೆಗೆ ತಾಯಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ವರದಿಯೊಂದರಲ್ಲಿ, ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಸಾಮಾಜಿಕ ಜಾಲತಾಣದಲ್ಲಿ ಕಳೆಯುವ ಎಳೆಯರಿಗೆ ಖಿನ್ನತೆ, ಆತಂಕಗಳ ಅಪಾಯ ಇಮ್ಮಡಿ ಎಂದು ಎಚ್ಚರಿಸಿದ್ದರು. ಆ 3 ಗಂಟೆಯ ಮಾತನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ. ಅದೇ ವರದಿಯಲ್ಲಿ ಜಾಲತಾಣದ ಕಿರುಕುಳದ ಮಾತಿದೆ, ಒಂಟಿಯಾದವರಿಗೆ ಅಲ್ಲಿ ಸಿಗುವ ಆಸರೆಯ ಮಾತೂ ಇದೆ. ಅವು ನನ್ನ ಬಾಯಿಗೆ ಬಂದಿರಲೇ ಇಲ್ಲ.

ಫೋನ್ ವಾಪಸ್ ಕೊಡಿ ಎಂದು ಕೇಳಲು ನಾನೇ ಹುಡುಗಿಯ ಊರಿಗೆ ಹೋದೆ. "ಅವತ್ತ ಕಸ್ಗೊ ಅಂದವ್ರೂ ನೀವ ಅಲ್ರಿ?" ಎಂದರು ತಂದೆ. ಹೌದು, ತಿಳಿಯದೆ ಹೇಳಿದೆ ಎಂದೆ.

ಈಗ ಗುಂಪಿನಲ್ಲಿ ಒಬ್ಬರ ಮುಖ ಆಡಿಕೊಳ್ಳುವ ವಸ್ತುವಾದರೆ ಆಗಲೇ ಅಳಿಸುತ್ತೇನೆ, ಕಳಿಸಿದವನನ್ನು ಕೂರಿಸಿಕೊಂಡು ಮಾತಾಡುತ್ತೇನೆ. ಸೆಮಿಸ್ಟರ್ ಶುರುವಾದ ದಿನವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಎಲ್ಲರ ಫೋನಿನಲ್ಲೂ ಸೇವ್ ಮಾಡಿಸುತ್ತೇನೆ. ಕರೆ ಉಚಿತ, ಮಧ್ಯರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಕೈಯಲ್ಲಿ ಫೋನ್ ಇರಬೇಕು.