ನಿಮಿಷಕ್ಕೆ 137 ಬಡಿತ

ಮೇಜಿನಾಚೆ ಕೂತವರು ಗಡಿಯಾರದ ಗುಂಡಿ ಒತ್ತುತ್ತಾರೆ. ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಬೇಕು. ನಾಯಿ, ಬೆಕ್ಕು, ಹಸು. ಕುದುರೆ. ಆಮೇಲೆ? ನಾಯಿ ಹೇಳಿಯಾಯಿತೋ ಇಲ್ಲವೋ ಎಂಬ ಅನುಮಾನದಲ್ಲೇ ಐದಾರು ಸೆಕೆಂಡು ಹೋಗುತ್ತದೆ. ಹುಲಿ, ಸಿಂಹ, ಮತ್ತೆ ನಾಯಿ. ನಿಮಿಷ ಮುಗಿಯಿತು.

ಮುಂದಿನದು ಇನ್ನೂ ಕಷ್ಟ. ಅವರು ‘ಕೆ, 7, ಬಿ, 4’ ಎನ್ನುತ್ತಾರೆ. ನೀವು ಮೊದಲು ಅಂಕಿಗಳನ್ನು ಏರಿಕೆಯಲ್ಲಿ, ಆಮೇಲೆ ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಜೋಡಿಸಿ ಹೇಳಬೇಕು. 4, 7... ಕೇಳಿದ್ದು ಬಿಯೋ ಡಿಯೋ? ಜಾರಿಹೋಯಿತು. ಇಂಥವು ಒಟ್ಟು ಹತ್ತು ಪರೀಕ್ಷೆಗಳು. ಎಲ್ಲ ಮುಗಿಯಲು ಒಂದು ಗಂಟೆಯ ಮೇಲಾಗುತ್ತದೆ. ಸ್ಕಿಜೋಫ್ರೇನಿಯಾ ಇರುವವರ ಗಮನ, ನೆನಪು, ಯೋಚನೆಯ ವೇಗ ಅಳೆಯಲೆಂದೇ ಅಮೆರಿಕದಲ್ಲಿ ಕಟ್ಟಿದ ಈ ಪರೀಕ್ಷಾಮಾಲೆಗೆ ಮ್ಯಾಟ್ರಿಕ್ಸ್ ಎಂದು ಹೆಸರು.

ನೀವಿರುವುದು ನ್ಯೂಯಾರ್ಕಿನಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಕಿಮ್ಹಿ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದ 33 ಮಂದಿಯಲ್ಲಿ ನೀವೂ ಒಬ್ಬರು. ವಯಸ್ಸು 37 ಎಂದಿಟ್ಟುಕೊಳ್ಳಿ. ಕಿವಿಯಲ್ಲಿ ಮಾತಾಡುತ್ತಿದ್ದ ದನಿಗಳನ್ನು ಮಾತ್ರೆ ಬಹುಮಟ್ಟಿಗೆ ಅಡಗಿಸಿದೆ. ಮನೆಯವರ ಪ್ರಕಾರ ನೀವು ಈಗ ಪರವಾಗಿಲ್ಲ. ಆದರೆ ಅಂಗಡಿಯಿಂದ ಮೂರು ಸಾಮಾನು ತರಲು ಹೋದರೆ ಎರಡು ಮರೆಯುತ್ತದೆ. ಎದುರಿನವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅದರ ಮೊದಲರ್ಧ ಕೈಬಿಟ್ಟಿರುತ್ತದೆ. ಈ ಕಾಯಿಲೆಯವರಿಗೆ ಕೆಲಸ ನಿಲ್ಲದಿರುವುದಕ್ಕೆ, ಒಬ್ಬರೇ ಬದುಕಲು ಆಗದಿರುವುದಕ್ಕೆ ದನಿಗಳಿಗಿಂತ ಇದೇ ದೊಡ್ಡ ಕಾರಣ. ಮಾತ್ರೆ ಇದನ್ನು ಮುಟ್ಟುವುದು ತೀರಾ ಕಡಿಮೆ. ನಮ್ಮ ಮನೆಗಳಲ್ಲಂತೂ ಇದಕ್ಕೆ ಸಿಗುವುದು ಬೈಗುಳ: ಸೋಮಾರಿ, ಬೇಜವಾಬ್ದಾರಿ.

ಲಾಟರಿಯಂತೆ ಹಂಚಿದ ಎರಡು ಗುಂಪುಗಳಲ್ಲಿ ನಿಮಗೆ ವ್ಯಾಯಾಮದ್ದು ಬಂದಿದೆ. ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ, 12 ವಾರ. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ.

ಕೋಣೆಯಲ್ಲಿ ಟ್ರೆಡ್‌ಮಿಲ್, ನಿಂತಲ್ಲೇ ತುಳಿಯುವ ಸೈಕಲ್, ಎಲಿಪ್ಟಿಕಲ್ ಯಂತ್ರ. ಜೊತೆಗೆ ಎಕ್ಸ್‌ಬಾಕ್ಸ್ ಕಿನೆಕ್ಟ್: ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ನೀವು ನೆಗೆದರೆ ಟಿವಿಯೊಳಗಿನ ಬೊಂಬೆಯೂ ನೆಗೆಯುತ್ತದೆ. ಅದಕ್ಕಾಗಿ ಒಂದು ಕ್ಯಾಮೆರಾ ನಿಮ್ಮನ್ನೇ ನೋಡುತ್ತಿರುತ್ತದೆ. ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಭಯದಲ್ಲಿ ವರ್ಷಗಟ್ಟಲೆ ಬೆಂದವರನ್ನು ಆ ಕ್ಯಾಮೆರಾದ ಮುಂದೆ ಕುಣಿಯಲು ಕರೆಯುವುದೆಂದರೆ ಎದೆಗಾರಿಕೆಯ ವಿಷಯವೇ. ಕರೆದವರದ್ದೂ ಹೌದು, ಕುಣಿದವರದ್ದು ಇನ್ನೂ ಹೆಚ್ಚು.

ಮೈಮೇಲೆ ನಾಡಿಬಡಿತ ಅಳೆಯುವ ಸಾಧನವಿದೆ. 220ರಿಂದ ವಯಸ್ಸು ಕಳೆದರೆ 183. ಸುಮಾರಾಗಿ ಅದು ನಿಮ್ಮ ಹೃದಯದ ಗರಿಷ್ಠ ಓಟ. ಮೊದಲ ವಾರ ಅದರ ಶೇ 60, ಅಂದರೆ 110 ಮುಟ್ಟಿದರೆ ಸಾಕು. ಅದೇ ದೊಡ್ಡದಾಗಿ ಕಾಣುತ್ತದೆ. ಈ ಮಾತ್ರೆಗಳಲ್ಲಿ ಹಲವು ತೂಕ ಏರಿಸುತ್ತವೆ, ಮಂಪರು ತರುತ್ತವೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿದ್ದ ದೇಹ ನಿಮ್ಮದು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, 45 ನಿಮಿಷ ಬೆವರು ಸುರಿಸಿ, ಕೊನೆಗೆ ಐದು ನಿಮಿಷ ನಿಧಾನಕ್ಕೆ ತಣ್ಣಗಾಗಬೇಕು. ಎರಡನೇ ವಾರ ಶೇ 65, ಮೂರನೆಯದರಲ್ಲಿ 70. ನಾಲ್ಕನೇ ವಾರಕ್ಕೆ ಮುಕ್ಕಾಲು ಪಾಲು: ನಿಮಿಷಕ್ಕೆ 137. ತೊಡೆ ಉರಿಯುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಪಕ್ಕದಲ್ಲಿ ನಿಂತ ತರಬೇತುದಾರರ ಕಣ್ಣು ನಿಮ್ಮ ಬಡಿತದ ಮೇಲೆ. ಇನ್ನು ಇಲ್ಲಿಂದ ಕೊನೆಯವರೆಗೂ ಇದೇ ಮಟ್ಟ.

ರಕ್ತವನ್ನೂ ತೆಗೆಯುತ್ತಾರೆ. ಅದರಲ್ಲಿ ಹುಡುಕುವುದು ಬಿಡಿಎನ್ಎಫ್ ಎಂಬ ಪ್ರೋಟೀನನ್ನು. ಮಿದುಳಿನ ನರಕೋಶಗಳು ಬದುಕುಳಿಯಲು, ಹೊಸ ಕೊಂಡಿ ಬೆಸೆಯಲು ಇದು ಬೇಕು. ಉಸಿರು ಏರುವಂಥ ವ್ಯಾಯಾಮ ಇದನ್ನು ಹೆಚ್ಚಿಸುತ್ತದೆ.

33ರಲ್ಲಿ ಕೊನೆವರೆಗೆ ಉಳಿದವರು 26. ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮನಸ್ಸನ್ನೇ ಕಸಿಯುವ ಕಾಯಿಲೆಯಲ್ಲಿ ಇದು ಕಡಿಮೆಯೇನಲ್ಲ. ಆರೋಗ್ಯವಂತರ ಜಿಮ್ ಸದಸ್ಯತ್ವ ಜನವರಿ ದಾಟುವುದೇ ಕಷ್ಟ.

12 ವಾರ ಮುಗಿದು ಮತ್ತೆ ಅದೇ ಬಗೆಯ ಪರೀಕ್ಷೆ. ವ್ಯಾಯಾಮ ಮಾಡಿದವರಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಸರಾಸರಿ ಶೇ 18 ಏರಿತ್ತು, ಪರೀಕ್ಷೆಗಳ ಒಟ್ಟು ಅಂಕ ಶೇ 15.1. ವ್ಯಾಯಾಮವಿಲ್ಲದ ಗುಂಪಿನಲ್ಲಿ ಅಂಕ ಶೇ 2 ಇಳಿದಿತ್ತು. ದೇಹದ ಕಸುವು ಹೆಚ್ಚಿದಷ್ಟೂ ಅಂಕವೂ ಹೆಚ್ಚಿತ್ತು. ಬಂದು ಹೋದರಷ್ಟೇ ಸಾಲದು, ದಮ್ಮು ಏರಬೇಕು ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಆ ಓದಿಗೆ ಜರ್ಮನಿಯಿಂದಲೂ ಒಂದು ಸಾಕ್ಷಿಯಿದೆ. 2010ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಎಂಟು ರೋಗಿಗಳು ಮೂರು ತಿಂಗಳು ಸೈಕಲ್ ತುಳಿದರು, ಇನ್ನೆಂಟು ಮಂದಿ ಟೇಬಲ್ ಫುಟ್‌ಬಾಲ್ ಆಡಿದರು. ಎರಡೂ ಗುಂಪಿನವರಿಗೆ ಜೊತೆಯಿತ್ತು, ಹೊತ್ತು ಹೋಗುತ್ತಿತ್ತು; ಉಸಿರು ಏರಿದ್ದು ಸೈಕಲ್ಲಿನವರಿಗೆ. ನೆನಪಿನ ಕೆಲಸದಲ್ಲಿ ಮುಖ್ಯವಾದ ಹಿಪ್ಪೊಕ್ಯಾಂಪಸ್ ಸೈಕಲ್ ತುಳಿದವರಲ್ಲಿ ಶೇ 12 ಹಿಗ್ಗಿತ್ತು, ಆಟದವರಲ್ಲಿ ಹಿಗ್ಗಲಿಲ್ಲ. ಕೇಳಲು ರೋಮಾಂಚನ. ಆದರೆ 2013ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಇನ್ನೂ ದೊಡ್ಡ ಗುಂಪಿಗೆ ಆರು ತಿಂಗಳು ವ್ಯಾಯಾಮ ಮಾಡಿಸಿ ಅಳೆದಾಗ ಅಂಥ ಹಿಗ್ಗು ಕಾಣಲಿಲ್ಲ. ಮಿದುಳು ಬೆಳೆಯುತ್ತದೆ ಎಂದು ವಾಟ್ಸಾಪಿನಲ್ಲಿ ಸಾರುವವರು ಈ ಎರಡನೆಯದನ್ನೂ ಸಾರಲಿ.

ಹೆಚ್ಚು ಗಟ್ಟಿಯಾಗಿ ನಿಂತಿರುವುದು ಪರೀಕ್ಷೆಯ ಅಂಕಗಳೇ. 2017ರಲ್ಲಿ ಮ್ಯಾಂಚೆಸ್ಟರಿನ ಜೋಸೆಫ್ ಫರ್ತ್ ಮತ್ತು ಸಂಗಡಿಗರು ಹತ್ತು ಪ್ರಯೋಗಗಳ 385 ಮಂದಿಯನ್ನು ಒಟ್ಟಿಗೆ ಲೆಕ್ಕ ಹಾಕಿದರು. ಗಮನ, ತಕ್ಷಣದ ನೆನಪು, ಇತರರ ಭಾವ ಗುರುತಿಸುವ ಶಕ್ತಿ ಇವು ಸುಧಾರಿಸಿದ್ದವು. ಸುಧಾರಣೆ ದೊಡ್ಡದಲ್ಲ, ಆದರೆ ನಿಜ. ವ್ಯಾಯಾಮದ ಪ್ರಮಾಣ ಹೆಚ್ಚಿದ್ದಲ್ಲಿ, ಬಲ್ಲವರು ಪಕ್ಕದಲ್ಲಿ ನಿಂತು ಮಾಡಿಸಿದಲ್ಲಿ ಫಲ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನವರು 2007ರಲ್ಲಿ ಯೋಗ ಮತ್ತು ವ್ಯಾಯಾಮವನ್ನು ಎದುರುಬದುರು ನಿಲ್ಲಿಸಿ, ರೋಗಲಕ್ಷಣಗಳು ತಗ್ಗುವುದರಲ್ಲಿ ಯೋಗವೇ ಮುಂದೆ ಎಂದು ಕಂಡಿದ್ದರು. ಅಲ್ಲಿ ಮುಖ್ಯವಾಗಿ ಕೇಳಿದ ಪ್ರಶ್ನೆ ನೆನಪಿನದ್ದಲ್ಲ, ಹಾಗಾಗಿ ಇವೆರಡನ್ನು ಕಲಸುವುದು ಬೇಡ.

ನಿಮಗೀಗ 13ನೇ ವಾರ. ಪ್ರಯೋಗ ಮುಗಿದಿದೆ, ಯಂತ್ರವೂ ಇಲ್ಲ, ತರಬೇತುದಾರರೂ ಇಲ್ಲ. ನಿಮ್ಮ ವೈದ್ಯರ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ‘ವ್ಯಾಯಾಮ ಮಾಡಿ’ ಎಂಬ ಒಂದು ಸಾಲು ಇದ್ದೀತು, ಯಾರ ಜೊತೆ ಎಂದು ಇರುವುದಿಲ್ಲ. ಕೊನೆಗೆ ತಮ್ಮ ಬರಲು ಒಪ್ಪುತ್ತಾನೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಬೇಕು ಎಂದು ಅವನಿಗೆ ವಿವರಿಸುತ್ತೀರಿ. ಎರಡನೇ ತಿರುವಿನಲ್ಲೇ ಸೊಂಟಕ್ಕೆ ಕೈಕೊಟ್ಟು ನಿಲ್ಲುವವನು ಅವನೇ.